ಷಾ ಎಂಬ ಹೆಸರಿನಿಂದ ಷೇವಿಯನ್: ಉಪನಾಮದಿಂದ ಹುಟ್ಟಿದ ಇಂಗ್ಲಿಷ್ ಗುಣವಾಚಕದ ಮೂಲ ಹುಡುಕುವ ಬಗೆ

ವ್ಯಕ್ತಿಗಳ ಉಪನಾಮದಿಂದ ಗುಣವಾಚಕ ಕಟ್ಟಿಕೊಳ್ಳುವುದು ಇಂಗ್ಲಿಷಿನಲ್ಲಿ ಬಹಳ ಸಾಮಾನ್ಯ. ನ್ಯೂಟನ್ ಎಂಬುದರಿಂದ ನ್ಯೂಟೋನಿಯನ್, ಡಿಕನ್ಸ್ ಎಂಬುದರಿಂದ ಡಿಕೆನ್ಸಿಯನ್, ಬೈರನ್ ಎಂಬುದರಿಂದ ಬೈರಾನಿಕ್, ಕಾಫ್ಕ ಎಂಬುದರಿಂದ ಕಾಫ್ಕಯೆಸ್ಕ್ ಬಂದಿವೆ. ಪಾಣಿನಿಯಿಂದ ಪಾಣಿನೀಯ ಎಂಬ ತದ್ಧಿತಾಂತ ರೂಪವನ್ನು ಬಲ್ಲ ಓದುಗರಿಗೆ ಈ ಕ್ರಮ ಹೊಸದಲ್ಲ: ಹೆಸರಿಗೆ ಒಂದು ಪ್ರತ್ಯಯ ಹತ್ತಿದರೆ ಪದ ಸಿದ್ಧ. ಇಷ್ಟು ಸಲೀಸಾಗಿ ಬಿಡಿಸಬಹುದಾದ ಪದಕ್ಕೆ ವ್ಯುತ್ಪತ್ತಿ ಹುಡುಕುವ ಅಗತ್ಯವೇನು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾನ ಹೆಸರಿನಿಂದ ಷೇವಿಯನ್ ಎಂಬ ಪದ ಹೇಗೆ ಬಂತು ಎಂದು ಕೇಳಿದೊಡನೆ ಈ ಲೆಕ್ಕ ಕೈಕೊಡುತ್ತದೆ. ಹೆಸರಿನಲ್ಲಿ ಎಲ್ಲಿಯೂ ಇಲ್ಲದ ವಕಾರ ನಡುವೆ ಎಲ್ಲಿಂದ ನುಸುಳಿತು, ಆಕಾರವಿದ್ದಲ್ಲಿ ಏಕಾರ ಏಕೆ ಬಂತು ಎಂಬುದಕ್ಕೆ ಹೆಸರೂ ಪ್ರತ್ಯಯವೂ ಉತ್ತರ ಕೊಡುವುದಿಲ್ಲ.

ಇಂಥ ಪದದ ಮೂಲವನ್ನು ಹುಡುಕಲು ಹೊರಟವರು ಎರಡು ಪ್ರಶ್ನೆಗಳನ್ನು ಕಡೆಯವರೆಗೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಪದದ ರೂಪ ಎಲ್ಲಿಂದ ಬಂತು ಎಂಬುದು ಒಂದು. ಆ ಪದ ಬೇಕೆಂದು ಜನರಿಗೆ ಯಾವಾಗ, ಯಾವ ಕಾರಣಕ್ಕೆ ಅನ್ನಿಸಿತು ಎಂಬುದು ಇನ್ನೊಂದು. ರೂಪದ ಇತಿಹಾಸ ಎಷ್ಟೋ ಸಲ ಆ ವ್ಯಕ್ತಿ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಶುರುವಾಗಿರುತ್ತದೆ. ಬಳಕೆಯ ಇತಿಹಾಸ ಎಷ್ಟೋ ಸಲ ಆತ ಸತ್ತು ದಶಕಗಳು ಕಳೆದ ಮೇಲೆ ಶುರುವಾಗುತ್ತದೆ. ಇವೆರಡನ್ನೂ ಒಂದೇ ಉತ್ತರದಲ್ಲಿ ಮುಗಿಸಹೊರಟಾಗಲೇ ದಂತಕಥೆಗಳು ವ್ಯುತ್ಪತ್ತಿಯ ವೇಷ ಹಾಕಿಕೊಂಡು ಬರುತ್ತವೆ.

ಯಾರ ಹೆಸರು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ

ಈ ಹಂತ ಅನಾವಶ್ಯಕವೆಂದು ತೋರಬಹುದು. ಆದರೆ ಹೆಚ್ಚಿನ ತಪ್ಪುಗಳು ಇಲ್ಲಿಯೇ ಆಗುತ್ತವೆ. ಒಂದೇ ಉಪನಾಮ ಹಲವರಿಗೆ ಇರುತ್ತದೆಯಾದ್ದರಿಂದ ಒಂದೇ ಗುಣವಾಚಕಕ್ಕೆ ಇಬ್ಬರು ಮೂವರು ಒಡೆಯರಿರುವುದು ಅಪರೂಪವಲ್ಲ. ಅಮೆರಿಕದ ರಾಜಕೀಯ ಚರಿತ್ರೆಯಲ್ಲಿ ಜ್ಯಾಕ್ಸೋನಿಯನ್ ಎಂದರೆ 1829ರಿಂದ 1837ರವರೆಗೆ ಅಧ್ಯಕ್ಷನಾಗಿದ್ದ ಆಂಡ್ರ್ಯೂ ಜ್ಯಾಕ್ಸನ್‌ಗೆ ಸಂಬಂಧಿಸಿದ್ದು. ನರರೋಗಶಾಸ್ತ್ರದಲ್ಲಿ ಅದೇ ಪದ, ದೇಹದ ಒಂದು ಭಾಗದಲ್ಲಿ ಆರಂಭವಾಗಿ ಅಂಗದುದ್ದಕ್ಕೂ ಹರಡುವ ಬಗೆಯ ಅಪಸ್ಮಾರವನ್ನು ವಿವರಿಸಿದ ಇಂಗ್ಲಿಷ್ ವೈದ್ಯ ಜಾನ್ ಹ್ಯೂಲಿಂಗ್ಸ್ ಜ್ಯಾಕ್ಸನ್‌ಗೆ ಸೇರಿದ್ದು. ಹ್ಯಾಮಿಲ್ಟೋನಿಯನ್ ಎಂಬ ಪದ ಇನ್ನೂ ತೊಡಕಿನದು. ಅಮೆರಿಕದ ಮೊದಲ ಖಜಾನೆ ಕಾರ್ಯದರ್ಶಿ ಅಲೆಗ್ಸಾಂಡರ್ ಹ್ಯಾಮಿಲ್ಟನ್‌ನ ರಾಜಕೀಯ ನಿಲುವಿಗೂ ಅದೇ ಪದ, ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಸರ್ ವಿಲಿಯಂ ಹ್ಯಾಮಿಲ್ಟನ್‌ನ ವಿಚಾರಗಳಿಗೂ ಅದೇ ಪದ, ಐರ್ಲೆಂಡಿನ ಗಣಿತಜ್ಞ ಸರ್ ವಿಲಿಯಂ ರೋವನ್ ಹ್ಯಾಮಿಲ್ಟನ್‌ನ ಚಲನಶಾಸ್ತ್ರಕ್ಕೂ ಅದೇ ಪದ. ಕಡೆಯ ಇಬ್ಬರು ಸಮಕಾಲೀನರು, ಇಬ್ಬರಿಗೂ ಸರ್ ಪದವಿ, ಇಬ್ಬರೂ ವಿಲಿಯಂ. 19ನೇ ಶತಮಾನದ ಪುಸ್ತಕವೊಂದರಲ್ಲಿ ಈ ಪದ ಸಿಕ್ಕಾಗ ಸುತ್ತಲಿನ ಎರಡು ಪುಟಗಳನ್ನಾದರೂ ಓದದೆ ಅದು ಯಾರ ಕುರಿತದ್ದೆಂದು ಹೇಳಲಾಗದು.

ಕಾಲಕ್ರಮ ಗಮನಿಸುವವರಿಗೆ ಡಾರ್ವಿನಿಯನ್ ಎಂಬುದು ಒಳ್ಳೆಯ ಪಾಠ. ಚಾರ್ಲ್ಸ್ ಡಾರ್ವಿನ್ 1809ರಲ್ಲಿ ಹುಟ್ಟಿದ. ಅವನ ಮುಖ್ಯ ಕೃತಿ ಪ್ರಕಟವಾದದ್ದು 1859ರಲ್ಲಿ. ಆದರೆ ಅವನ ಹೆಸರು ಲೋಕಕ್ಕೆ ತಿಳಿಯುವ ಮೊದಲೇ ಈ ಗುಣವಾಚಕ ಅಚ್ಚಿನಲ್ಲಿತ್ತು, ಏಕೆಂದರೆ ಅವನ ಅಜ್ಜ ಎರಾಸ್ಮಸ್ ಡಾರ್ವಿನ್ ವೈದ್ಯನೂ ಪದ್ಯಕಾರನೂ ಆಗಿ ತನ್ನ ಕಾಲದಲ್ಲಿ ಸಾಕಷ್ಟು ಪ್ರಸಿದ್ಧನಾಗಿದ್ದ, ಅವನ ಪದ್ಯಶೈಲಿಗೂ ಊಹಾಪೋಹಗಳಿಗೂ ಜನ ಆ ಪದ ಬಳಸುತ್ತಿದ್ದರು. ಮೊಮ್ಮಗ ಹೊಸ ಪದವನ್ನು ಹುಟ್ಟಿಸಲಿಲ್ಲ. ಇದ್ದ ಪದ ಅವನ ಪಾಲಿಗೆ ಬಂತು. ಆದ್ದರಿಂದ ನಿಮಗೆ ಸಿಕ್ಕ ಮೊದಲ ಬಳಕೆಯ ವರ್ಷ ಆ ವ್ಯಕ್ತಿಯ ಪ್ರಸಿದ್ಧಿಗಿಂತ ಹಿಂದಿನದಾಗಿದ್ದರೆ ಆ ದಾಖಲೆಯನ್ನು ಮುದ್ರಣದೋಷವೆಂದು ತಳ್ಳಿಹಾಕುವ ಮೊದಲು ಅದೇ ಹೆಸರಿನ ಹಿರಿಯನೊಬ್ಬ ಇದ್ದನೇ ಎಂದು ನೋಡಬೇಕು.

ಹೆಸರು ನಿಜಕ್ಕೂ ಉಪನಾಮವೇ ಎಂಬುದನ್ನೂ ಇಲ್ಲಿಯೇ ಪರೀಕ್ಷಿಸಿಕೊಳ್ಳಬೇಕು. ವಿಕ್ಟೋರಿಯನ್, ಎಡ್ವರ್ಡಿಯನ್ ಮೊದಲಾದವು ಅರಸರ ಸ್ವಂತ ಹೆಸರಿನಿಂದ ಬಂದವು. ಡ್ರಕೋನಿಯನ್ ಎಂಬುದು ಪ್ರಾಚೀನ ಅಥೆನ್ಸಿನ ಶಾಸನಕರ್ತ ಡ್ರಾಕೋನ ಏಕೈಕ ಹೆಸರಿನಿಂದ ಬಂದದ್ದು. ಕ್ವಿಕ್ಸಾಟಿಕ್ ಎಂಬುದಕ್ಕೆ ಆಧಾರ ಡಾನ್ ಕ್ವಿಕ್ಸೋಟ್ ಎಂಬ ಕಥಾನಾಯಕ. ಆರ್ವೆಲಿಯನ್ ಎಂಬ ಪದದ ಹಿಂದಿರುವುದು ಉಪನಾಮದಂತೆ ಕಂಡರೂ ಅದು ಕಾವ್ಯನಾಮ: ಎರಿಕ್ ಆರ್ಥರ್ ಬ್ಲೇರ್ 1933ರಲ್ಲಿ ಪ್ರಕಟವಾದ ತನ್ನ ಮೊದಲ ಪುಸ್ತಕಕ್ಕಾಗಿ ಜಾರ್ಜ್ ಆರ್ವೆಲ್ ಎಂಬ ಹೆಸರನ್ನು ಆರಿಸಿಕೊಂಡ, ಆರ್ವೆಲ್ ಎಂಬುದು ಇಂಗ್ಲೆಂಡಿನ ಸಫಕ್ ಪ್ರಾಂತದ ಒಂದು ನದಿ. ಅಂದರೆ ಆ ಗುಣವಾಚಕದ ಬೇರನ್ನು ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಮನೆತನವಲ್ಲ, ನದಿ. ಕುರುಡು ದೇಶಾಭಿಮಾನವನ್ನು ಸೂಚಿಸುವ ಷಾವಿನಿಸ್ಟಿಕ್ ಎಂಬ ಪದಕ್ಕೆ ಕಾರಣನೆಂದು ಹೇಳಲಾಗುವ ನಿಕೊಲಾ ಷಾವಿನ್ ಎಂಬ ನೆಪೋಲಿಯನ್ ಭಕ್ತ ಸೈನಿಕನ ವಿಷಯದಲ್ಲಂತೂ, ಅಂಥವನೊಬ್ಬ ಬದುಕಿದ್ದ ಎಂಬುದಕ್ಕೇ ದಾಖಲೆ ಸಿಕ್ಕಿಲ್ಲ. 1831ರ ಒಂದು ಫ್ರೆಂಚ್ ಪ್ರಹಸನದ ಮೂಲಕ ಆ ಪಾತ್ರ ಮನೆಮಾತಾಯಿತು ಎಂಬಷ್ಟು ಮಾತ್ರ ಗಟ್ಟಿ.

ಪ್ರತ್ಯಯವನ್ನು ಓದುವ ಕ್ರಮ

ಅತಿ ಹೆಚ್ಚು ಬಳಕೆಯ ಪ್ರತ್ಯಯ ಇಯನ್. ಇದರ ಮೂಲ ಲ್ಯಾಟಿನ್ನಿನ ಇಯಾನುಸ್. ರೋಮನ್ನರು ಸೇನಾನಾಯಕ ಪಾಂಪೆಯ ಪಕ್ಷದವರನ್ನು ಪಾಂಪೆಯಾನಿ ಎನ್ನುತ್ತಿದ್ದರು. ವಾಗ್ಮಿ ಸಿಸೆರೋನ ಶೈಲಿಗೆ ಸಿಸೆರೋನಿಯಾನುಸ್ ಎನ್ನುತ್ತಿದ್ದರು. ನಾಲ್ಕನೆಯ ಶತಮಾನದ ಸಂತ ಜೆರೋಮ್ ತನ್ನ ಕನಸೊಂದನ್ನು ವಿವರಿಸುತ್ತ, ನ್ಯಾಯಪೀಠದ ಮುಂದೆ ತಾನು ಕ್ರೈಸ್ತನೆಂದು ಹೇಳಿಕೊಂಡಾಗ ‘ನೀನು ಸಿಸೆರೋನವನು, ಕ್ರಿಸ್ತನವನಲ್ಲ’ ಎಂಬ ಉತ್ತರ ಬಂತೆಂದು ಬರೆದಿದ್ದಾನೆ. ಆ ವಾಕ್ಯದ ಕುಟುಕು ಇರುವುದು ಎರಡು ಹೆಸರುಗಳಿಗೂ ಅದೇ ಪ್ರತ್ಯಯ ಹತ್ತಿರುವುದರಲ್ಲಿ. ಈ ಪ್ರತ್ಯಯಕ್ಕೆ ಹುಟ್ಟಿನಿಂದಲೇ ‘ಅವನ ಕಡೆಯವನು’ ಎಂಬ ಅರ್ಥವಿದ್ದುದರಿಂದ ಇಂಗ್ಲಿಷಿನಲ್ಲಿಯೂ ಷೇವಿಯನ್, ಡಾರ್ವಿನಿಯನ್ ಮೊದಲಾದವು ಗುಣವಾಚಕವಾಗಿಯೂ ಅನುಯಾಯಿಯನ್ನು ಸೂಚಿಸುವ ನಾಮಪದವಾಗಿಯೂ ನಡೆಯುತ್ತವೆ. ಉದಾಹರಣೆಗಳನ್ನು ಸಂಗ್ರಹಿಸುವಾಗ ಈ ಎರಡನ್ನೂ ಬೇರೆ ಬೇರೆ ಪಟ್ಟಿಗಳಲ್ಲಿ ಬರೆದುಕೊಳ್ಳಬೇಕು, ಏಕೆಂದರೆ ಎರಡೂ ಒಂದೇ ಕಾಲಕ್ಕೆ ಬಳಕೆಗೆ ಬಂದಿರಬೇಕೆಂಬ ನಿಯಮವೇನೂ ಇಲ್ಲ.

ಎಸ್ಕ್ ಎಂಬುದು ಫ್ರೆಂಚ್ ಮೂಲಕ ಇಟಾಲಿಯನ್ನಿನ ಎಸ್ಕೋದಿಂದ ಬಂದದ್ದು; ಇಟಾಲಿಯನ್ನರಿಗೆ ಅದು ದೊರೆತದ್ದು ಜರ್ಮಾನಿಕ್ ಭಾಷೆಗಳಿಂದ. ಇಂಗ್ಲಿಷಿನದೇ ಆದ ಇಷ್ ಎಂಬ ಪ್ರತ್ಯಯಕ್ಕೆ ಅದು ದಾಯಾದಿ. ಕಾಫ್ಕಯೆಸ್ಕ್, ಚಾಪ್ಲಿನೆಸ್ಕ್ ಎಂದಾಗ ಅನುಯಾಯಿತ್ವದ ಸುಳಿವಿಲ್ಲ. ಆ ರೀತಿಯದು, ಆ ಛಾಯೆಯದು ಎಂಬಷ್ಟೇ ಅರ್ಥ. ಇಕ್ ಎಂಬುದು ಗ್ರೀಕಿನಿಂದ ಲ್ಯಾಟಿನ್ ಮಾರ್ಗವಾಗಿ ಬಂದದ್ದು. ಬೈರಾನಿಕ್, ಮಿಲ್ಟಾನಿಕ್‌ಗಳಲ್ಲಿ ಕವಿಗಳೊಂದಿಗೂ, ಗ್ಯಾಲ್ವಾನಿಕ್, ವೋಲ್ಟಾಯಿಕ್‌ಗಳಲ್ಲಿ ವಿದ್ಯುತ್ತಿನ ವಿಜ್ಞಾನಿಗಳೊಂದಿಗೂ ಅದು ಕಾಣುತ್ತದೆ. ಐಟ್ ಎಂಬುದರಲ್ಲಿ ಹಲವು ವೇಳೆ ಎದುರಾಳಿಯ ದನಿ ಇರುತ್ತದೆ. ರಷ್ಯದ ಕ್ರಾಂತಿಕಾರಿ ಟ್ರಾಟ್‌ಸ್ಕಿಯ ಅನುಯಾಯಿಗಳು ತಮ್ಮನ್ನು ಟ್ರಾಟ್‌ಸ್ಕಿಯಿಸ್ಟ್ ಎಂದು ಕರೆದುಕೊಂಡರೆ, ಟ್ರಾಟ್‌ಸ್ಕಿಯೈಟ್ ಎಂದವರು ಬಹುಪಾಲು ಅವರ ವಿರೋಧಿಗಳು. ಪ್ರತ್ಯಯದ ಆಯ್ಕೆಯೇ ಪದ ಯಾವ ಗುಂಪಿನಲ್ಲಿ ಹುಟ್ಟಿತೆಂಬುದಕ್ಕೆ ಹೀಗೆ ಒಂದು ಸಾಕ್ಷಿಯಾಗಬಲ್ಲದು, ಆದರೆ ಅದೊಂದನ್ನೇ ನಂಬಿ ತೀರ್ಪು ಕೊಡಬಾರದು.

ಕಾಗುಣಿತವನ್ನೂ ಪ್ರತ್ಯಯದೊಂದಿಗೇ ನೋಡಬೇಕು. ಬೂಲಿಯನ್ ಎಂಬ ಪದದಲ್ಲಿ ಪ್ರತ್ಯಯದ ಮೊದಲಲ್ಲಿ ಇಂಗ್ಲಿಷಿನ ಐ (i) ಬದಲು ಇ (e) ಅಕ್ಷರವಿರುವುದಕ್ಕೆ ಕಾರಣ, ಗಣಿತಜ್ಞ ಜಾರ್ಜ್ ಬೂಲ್‌ನ ಹೆಸರು ಉಚ್ಚಾರವಿಲ್ಲದ ಇ ಅಕ್ಷರದಿಂದ ಮುಗಿಯುವುದು. ಆದರೆ ಆ ಕಾಗುಣಿತ ಮೊದಲಿನಿಂದ ಸ್ಥಿರವಾಗಿರಲಿಲ್ಲ. ತರ್ಕಶಾಸ್ತ್ರಜ್ಞ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ 1880ರ ತನ್ನ ಬರಹವೊಂದರ ಶೀರ್ಷಿಕೆಯಲ್ಲಿ ಐ ಅಕ್ಷರವನ್ನೇ ಹಾಕಿದ್ದ. ಇಂದಿನ ರೂಪದ ‘ಬೂಲಿಯನ್ ಬೀಜಗಣಿತ’ ಎಂಬ ಹೆಸರನ್ನು ಹೆನ್ರಿ ಷೆಫರ್ 1913ರಲ್ಲಿ ಸೂಚಿಸಿದ. ಬೂಲ್ 1864ರಲ್ಲಿಯೇ ತೀರಿಕೊಂಡಿದ್ದ. ಹುಡುಕಾಟಕ್ಕೆ ಒಂದೇ ಕಾಗುಣಿತ ಕೊಟ್ಟು ಕುಳಿತವರಿಗೆ ಈ ಹಳೆಯ ರೂಪ ಎಂದೂ ಕಣ್ಣಿಗೆ ಬೀಳುವುದಿಲ್ಲ.

ಷೇವಿಯನ್ ಪದವನ್ನು ಬಿಡಿಸುವುದು

ಈಗ ಮೂಲ ಉದಾಹರಣೆಗೆ ಬರೋಣ. ಜಾರ್ಜ್ ಬರ್ನಾರ್ಡ್ ಷಾ 1856ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿ 1950ರಲ್ಲಿ ತೀರಿಕೊಂಡ. ಅವನ ಉಪನಾಮವನ್ನು ಇಂಗ್ಲಿಷಿನಲ್ಲಿ ಬರೆದಾಗ ಅದು ಡಬ್ಲ್ಯೂ ಅಕ್ಷರದಿಂದ ಕೊನೆಗೊಳ್ಳುತ್ತದೆ. ಆ ಡಬ್ಲ್ಯೂ ಅಲ್ಲಿ ವ್ಯಂಜನವಾಗಿ ಕೇಳಿಸುವುದಿಲ್ಲ, ಅದರ ಹಿಂದಿನ ಸ್ವರದಲ್ಲಿ ಬೆರೆತುಹೋಗಿದೆ. ಅದರ ಮುಂದೆ ನೇರವಾಗಿ ಇಯನ್ ಹಚ್ಚಿದರೆ ಎರಡು ಸ್ವರಗಳು ಎದುರಾಗಿ ನಾಲಿಗೆ ತಡವರಿಸುತ್ತದೆ. ಹಾಗೆ ನೇರವಾಗಿ ಕಟ್ಟಿದ ಷಾಇಯನ್ ಎಂಬ ರೂಪವೂ ಇತ್ತು. ಷಾ ಅದನ್ನು ಸಹಿಸಲಾಗದ ರೂಪವೆಂದು ತಳ್ಳಿಹಾಕಿದ್ದಾನೆ.

ದಾರಿ ಸಿಕ್ಕಿದ್ದು ಲ್ಯಾಟಿನ್ನಿನಲ್ಲಿ. ಯೂರೋಪಿನ ವಿದ್ವಾಂಸರು ಶತಮಾನಗಳ ಕಾಲ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದಾಗ ತಮ್ಮ ಹೆಸರುಗಳಿಗೂ ಲ್ಯಾಟಿನ್ ಉಡುಗೆ ತೊಡಿಸುತ್ತಿದ್ದರು. ಪ್ರಾಚೀನ ಲ್ಯಾಟಿನ್ ಅಕ್ಷರಮಾಲೆಯಲ್ಲಿ ಡಬ್ಲ್ಯೂ ಇರಲಿಲ್ಲ. ವಿ ಅಕ್ಷರವೇ ಆ ಧ್ವನಿಯನ್ನು ಸೂಚಿಸುತ್ತಿತ್ತು. ಆದ್ದರಿಂದ ಡಬ್ಲ್ಯೂನಿಂದ ಮುಗಿಯುವ ಇಂಗ್ಲಿಷ್ ಹೆಸರನ್ನು ಲ್ಯಾಟಿನ್ ಮಾಡುವಾಗ ಅಲ್ಲಿ ವಿ ಇಟ್ಟು, ಇಯಸ್ ಎಂಬ ಪುಲ್ಲಿಂಗ ಪ್ರತ್ಯಯ ಸೇರಿಸುವುದು ರೂಢಿಯಾಯಿತು. ಷಾ ಹೀಗೆ ಷೇವಿಯಸ್ ಆಗುತ್ತದೆ. ಷೇವಿಯಸ್‌ನಿಂದ ಇಯಸ್ ಕಳಚಿ ಇಯನ್ ಹಚ್ಚಿದರೆ ಷೇವಿಯನ್. ವಕಾರ ಬಂದದ್ದು ಹೀಗೆ ಕಾಗದದ ಮೇಲಿನ ಅಕ್ಷರದಿಂದ. ಜನರ ಬಾಯಲ್ಲಿ ಡಬ್ಲ್ಯೂ ಸವೆದು ವಕಾರವಾಯಿತೆಂದು ಎಲ್ಲಿಯಾದರೂ ಓದಿದರೆ ನಂಬಬೇಕಾಗಿಲ್ಲ.

ಆಕಾರವಿದ್ದಲ್ಲಿ ಏಕಾರ ಬಂದದ್ದಕ್ಕೂ ಕಾರಣವಿದೆ. ಇಂಗ್ಲಿಷರು ಲ್ಯಾಟಿನ್ ಪದಗಳನ್ನು ತಮ್ಮದೇ ರೀತಿಯಲ್ಲಿ ಉಚ್ಚರಿಸುತ್ತಿದ್ದರು. ಆ ಉಚ್ಚಾರದಲ್ಲಿ, ಇಕಾರವಲ್ಲದ ಒತ್ತು ಬಿದ್ದ ಸ್ವರದ ಬೆನ್ನಿಗೆ ಒಂದೇ ವ್ಯಂಜನವಿದ್ದು, ಅನಂತರ ಇಕಾರವೂ ಅದರ ನಂತರ ಇನ್ನೊಂದು ಸ್ವರವೂ ಬಂದರೆ, ಒತ್ತಿನ ಸ್ವರ ದೀರ್ಘವಾಗುತ್ತದೆ; ಇಂಗ್ಲಿಷಿನ ಎ (a) ಅಕ್ಷರದ ದೀರ್ಘ ಉಚ್ಚಾರವೇ ಏ. ಕೆನಡ ಎಂಬುದು ಕೆನೇಡಿಯನ್ ಆಗುವುದು, ನ್ಯೂಟನ್ ಎಂಬುದು ನ್ಯೂಟೋನಿಯನ್ ಆಗುವುದು ಇದೇ ನಿಯಮದಿಂದ. ಡಿಕೆನ್ಸಿಯನ್ ಪದದಲ್ಲಿ ಒತ್ತಿನ ಎಕಾರ ಹ್ರಸ್ವವಾಗಿಯೇ ಉಳಿದಿರುವುದು ಅಲ್ಲಿ ಎರಡು ವ್ಯಂಜನಗಳು ಸೇರಿರುವುದರಿಂದ. ಒಂದು ಪದವನ್ನು ವಿವರಿಸಲು ಹೇಳಿದ ನಿಯಮ ಬೇರೆ ಪದಗಳಲ್ಲಿಯೂ ನಿಲ್ಲುತ್ತದೆಯೇ ಎಂದು ಹೀಗೆ ಪರೀಕ್ಷಿಸಬೇಕು. ಆ ಒಂದು ಪದಕ್ಕೇ ಹೊಲಿಸಿದಂತಿರುವ ವಿವರಣೆಗೆ ಬೆಲೆ ಕಡಿಮೆ.

ವಕಾರದ ವಿಷಯವನ್ನೂ ಹೀಗೆಯೇ ಒರೆಗೆ ಹಚ್ಚೋಣ. ಡಬ್ಲ್ಯೂನಿಂದ ಮುಗಿಯುವ ಬೇರೆ ಹೆಸರುಗಳು ಏನಾಗಿವೆ? ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಪ್ರದೇಶದ ರೂಪಾಂತರ ಶಿಲೆಗಳನ್ನು ವಲಯಗಳಾಗಿ ವಿಂಗಡಿಸಿ 1893ರಲ್ಲಿ ಪ್ರಕಟಿಸಿದ ಭೂವಿಜ್ಞಾನಿ ಜಾರ್ಜ್ ಬ್ಯಾರೋನ ಹೆಸರಿನಿಂದ ಬ್ಯಾರೋವಿಯನ್ ಬಂದಿದೆ. ಊರುಗಳ ಹೆಸರಲ್ಲಿಯೂ ಇದೇ ಕ್ರಮ: ಹ್ಯಾರೋ ಶಾಲೆಯಲ್ಲಿ ಓದಿದವರು ಹ್ಯಾರೋವಿಯನ್ನರು, ಪೋಲೆಂಡಿನ ಕ್ರ್ಯಾಕೋದವರು ಕ್ರಕೋವಿಯನ್ನರು. ನಾಟಕಕಾರ ಮಾರ್ಲೋನಿಂದ ಮಾರ್ಲೋವಿಯನ್ ಬಂದಿದೆ. ಈ ಮಾದರಿ ಎಷ್ಟು ಗಟ್ಟಿಯಾಯಿತೆಂದರೆ, ಬರಹದಲ್ಲಿ ಡಬ್ಲ್ಯೂ ಇಲ್ಲವೇ ಇಲ್ಲದ ಅಮೆರಿಕದ ಲೇಖಕ ಥೋರೋನ ಹೆಸರಿಗೂ ವಕಾರ ಸೇರಿ ಥೋರೋವಿಯನ್ ಆಯಿತು. ಅಲ್ಲಿ ಕೆಲಸ ಮಾಡಿದ್ದು ಸಾದೃಶ್ಯ ಮಾತ್ರ. ಹಾಗೆಂದು ಕಂಡ ವಕಾರವನ್ನೆಲ್ಲ ಲ್ಯಾಟಿನ್ನಿನ ಲೆಕ್ಕಕ್ಕೆ ಬರೆಯಬಾರದು. ಪಾವ್ಲೋವಿಯನ್, ಚೆಕೋವಿಯನ್ ಪದಗಳ ವಕಾರ ಪಾವ್ಲೋವ್, ಚೆಕೋವ್ ಎಂಬ ರಷ್ಯನ್ ಉಪನಾಮಗಳಲ್ಲಿಯೇ ಇದೆ.

ಇನ್ನು ಷೇವಿಯಸ್ ಎಂಬ ರೂಪವನ್ನು ಮೊದಲು ಯಾರು ಮುಂದಿಟ್ಟರು ಎಂಬ ಪ್ರಶ್ನೆಗೆ ಷಾ ಹೇಳಿಕೊಂಡ ಒಂದು ಕಥೆಯಿದೆ. ಅವನ ಸ್ನೇಹಿತ, ಕವಿ ಮತ್ತು ವಿನ್ಯಾಸಕಾರ ವಿಲಿಯಂ ಮಾರಿಸ್, ಷಾ ಎಂಬ ಹೆಸರಿನ ಯಾರೋ ಮಧ್ಯಯುಗದಲ್ಲಿ ಬರೆದ ಹಸ್ತಪ್ರತಿಯ ಅಂಚಿನಲ್ಲಿ ‘ಷೇವಿಯಸ್ ಹೀಗೆನ್ನುತ್ತಾನೆ, ಆದರೆ ಅಸಂಬದ್ಧವಾಗಿ’ ಎಂಬರ್ಥದ ಲ್ಯಾಟಿನ್ ಟಿಪ್ಪಣಿಯನ್ನು ಕಂಡನಂತೆ. ಬೇಕಾಗಿದ್ದ ಗುಣವಾಚಕ ಅದರಿಂದ ಒದಗಿತಂತೆ. ಕಥೆ ಸೊಗಸಾಗಿದೆ, ಮತ್ತು ಸೊಗಸಾದ ಕಥೆ ಸಿಕ್ಕಿದಾಗಲೇ ವ್ಯುತ್ಪತ್ತಿ ಹುಡುಕುವವರು ಎಚ್ಚರವಾಗಬೇಕು. ಹೇಳುತ್ತಿರುವವನು ವಿನೋದಕ್ಕೆ ಹೆಸರಾದ ನಾಟಕಕಾರ, ಟಿಪ್ಪಣಿಯ ಮಾತು ಅವನ ಟೀಕಾಕಾರರ ಬಾಯಿಂದಲೇ ಬಂದಂತಿದೆ. ಕಥೆಯನ್ನು ‘ಷಾ ಹೇಳಿದಂತೆ’ ಎಂಬ ಮಾತಿನೊಂದಿಗೆ ದಾಖಲಿಸಬಹುದು. ಆದರೆ ಕಥೆ ನಿಜವಲ್ಲದಿದ್ದರೂ ಪದದ ರೂಪಕ್ಕೆ ಕೊಟ್ಟ ವಿವರಣೆ ಅಲುಗುವುದಿಲ್ಲ ಎಂಬುದನ್ನು ಗಮನಿಸಬೇಕು. ಲ್ಯಾಟಿನ್ ಬಲ್ಲ ಯಾವನೇ ಇಂಗ್ಲಿಷ್ ವಿದ್ಯಾವಂತನಿಗೂ ಆ ರೂಪ ತಾನಾಗಿ ಹೊಳೆಯುವಂಥದ್ದು.

ಉಪನಾಮದ ಸ್ವಂತ ಅರ್ಥವನ್ನು ಎಲ್ಲಿ ಸೇರಿಸಬೇಕು ಎಂಬ ಅನುಮಾನ ಹಲವರಿಗೆ ಬರುತ್ತದೆ. ಷಾ ಎಂಬ ಉಪನಾಮ ಸಾಮಾನ್ಯವಾಗಿ ಚಿಕ್ಕ ಕಾಡು, ತೋಪು ಎಂಬರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು. ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಹೆಸರು ಇಂಗ್ಲಿಷಿಗೆ ತಿರುಗಿ ಷಾ ಆದದ್ದೂ ಉಂಟು. ಕಾಫ್ಕ ಎಂಬುದು ಚೆಕ್ ಭಾಷೆಯಲ್ಲಿ ಕಾಗೆಯ ಜಾತಿಯ ಒಂದು ಹಕ್ಕಿಯ ಹೆಸರು. ಇವು ಸ್ವಾರಸ್ಯದ ಸಂಗತಿಗಳೇ, ಆದರೆ ಷೇವಿಯನ್ ಪದದಲ್ಲಿ ತೋಪು ಇಲ್ಲ, ಕಾಫ್ಕಯೆಸ್ಕ್ ಪದದಲ್ಲಿ ಹಕ್ಕಿ ಇಲ್ಲ. ಉಪನಾಮದ ವ್ಯುತ್ಪತ್ತಿಯನ್ನು ಗುಣವಾಚಕದ ವ್ಯುತ್ಪತ್ತಿಯಿಂದ ಬೇರೆಯಾಗಿ, ಒಂದು ಸಾಲಿನಲ್ಲಿ ಹೇಳಿ ಬಿಡುವುದೇ ಸರಿ. ಒಂದೊಂದು ಕಡೆ ಮಾತ್ರ ಉಪನಾಮದ ಚರಿತ್ರೆ ಗುಣವಾಚಕದ ಕಾಗುಣಿತವನ್ನೇ ನಿರ್ಧರಿಸುತ್ತದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್‌ನ ತಂದೆ ಲಿಂಡೆನ್ ಎಂಬ ಮರದ ಹೆಸರಿನಿಂದ ಲ್ಯಾಟಿನ್ ರೂಪದ ಉಪನಾಮವೊಂದನ್ನು ಕಟ್ಟಿಕೊಂಡ; ಮಗನಿಗೆ ಮುಂದೆ ಕುಲೀನ ಪದವಿ ದೊರೆತಾಗ ಹೆಸರು ಫಾನ್ ಲಿನ್ನೆ ಎಂದಾಯಿತು. ಈ ಎರಡು ಹೆಸರುಗಳಿಂದಾಗಿಯೇ ಗುಣವಾಚಕಕ್ಕೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತಗಳಿವೆ: ಒಂದರಲ್ಲಿ ಎ (a) ಮತ್ತು ಇ (e) ಜೊತೆಯಾಗಿ ಬರುತ್ತವೆ, 1788ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಲಿನಿಯನ್ ಸೊಸೈಟಿಯ ಹೆಸರಿನಲ್ಲಿ ಇ ಮಾತ್ರ ಇದೆ. ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್‌ನ ಹೆಸರಿನಿಂದ ಡೆಕಾರ್ಟಿಯನ್ ಬಾರದೆ ಕಾರ್ಟೀಸಿಯನ್ ಬಂದದ್ದೂ ಕಾರ್ಟೀಸಿಯಸ್ ಎಂಬ ಅವನ ಲ್ಯಾಟಿನ್ ಹೆಸರಿನಿಂದಲೇ.

ಕಾಲವನ್ನು ಹಿಡಿಯುವುದು

ರೂಪದ ಕೆಲಸ ಮುಗಿದ ಮೇಲೆ ಕಾಲದ ಕೆಲಸ. ಇಲ್ಲಿ ಮೊದಲ ಆಸರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. 1884ರಲ್ಲಿ ಮೊದಲ ಸಂಚಿಕೆ ಹೊರಬಂದು 1928ರಲ್ಲಿ ಪೂರ್ಣಗೊಂಡ ಈ ನಿಘಂಟು ಪ್ರತಿಯೊಂದು ಅರ್ಥಕ್ಕೂ ವರ್ಷಸಹಿತವಾದ ಉಲ್ಲೇಖಗಳನ್ನು ಕೊಡುತ್ತದೆ. ಅದು ಕೊಡುವ ಮೊದಲ ವರ್ಷ ಎಂದರೆ ಸಂಪಾದಕರಿಗೆ ಅಲ್ಲಿಯವರೆಗೆ ಸಿಕ್ಕ ಹಳೆಯ ಉಲ್ಲೇಖದ ವರ್ಷ ಎಂದಷ್ಟೇ ತಿಳಿಯಬೇಕು. ಪದ ಹುಟ್ಟಿದ ವರ್ಷವೆಂದು ಬರೆಯಬಾರದು. ಅಂಕಿತನಾಮಗಳಿಂದ ಬಂದ ಪದಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಅಂಥ ಪದಗಳಿಗೆ ನಿಘಂಟಿನಲ್ಲಿ ಎಷ್ಟು ಜಾಗ ಕೊಡಬೇಕೆಂಬುದೇ ಆರಂಭದಲ್ಲಿ ಇತ್ಯರ್ಥವಾಗಿರಲಿಲ್ಲ. ಸಂಪಾದಕ ಜೇಮ್ಸ್ ಮರ್ರೆಯ ಮೊದಲ ಆವೃತ್ತಿಯಲ್ಲಿ ಅಮೆರಿಕನ್ ಎಂಬ ಪದ ಸೇರಿತು, ಆಫ್ರಿಕನ್ ಎಂಬುದು ಹೊರಗುಳಿಯಿತು. ಆದ್ದರಿಂದ ಹಳೆಯ ನಿಘಂಟಿನಲ್ಲಿ ಪದವಿಲ್ಲ ಎಂಬುದರಿಂದ ಭಾಷೆಯಲ್ಲಿ ಪದವಿರಲಿಲ್ಲ ಎಂಬ ತೀರ್ಮಾನಕ್ಕೆ ಬರಲಾಗದು.

ಎರಡನೆಯ ಆಸರೆ ಗೂಗಲ್ ಬುಕ್ಸ್, ಹಾತಿಟ್ರಸ್ಟ್, ಇಂಟರ್ನೆಟ್ ಆರ್ಕೈವ್‌ಗಳಂಥ ಡಿಜಿಟಲ್ ಸಂಗ್ರಹಗಳು. ಇವುಗಳಲ್ಲಿ ಪದವನ್ನು ಟೈಪ್ ಮಾಡಿ ಮೊದಲು ಕಂಡ ವರ್ಷವನ್ನು ಬರೆದುಕೊಳ್ಳುವುದು ಅತ್ಯಂತ ಅಪಾಯದ ಅಭ್ಯಾಸ. ನಿಯತಕಾಲಿಕಗಳ ಎಲ್ಲ ಸಂಪುಟಗಳಿಗೂ ಮೊದಲ ಸಂಪುಟದ ವರ್ಷವೇ ದಾಖಲಾಗಿರುವುದುಂಟು; ಹಳೆಯ ಕೃತಿಯ ಹೊಸ ಆವೃತ್ತಿಗೆ ಸಂಪಾದಕ ಬರೆದ ಮುನ್ನುಡಿಯ ಪದ ಮೂಲಕೃತಿಯ ವರ್ಷದಡಿ ಕಾಣಿಸಿಕೊಳ್ಳುವುದುಂಟು. ಪುಟದ ಚಿತ್ರವನ್ನೂ ಶೀರ್ಷಿಕೆಪುಟದ ಚಿತ್ರವನ್ನೂ ಕಣ್ಣಾರೆ ನೋಡಿದ ಮೇಲೆಯೇ ಒಂದು ಉಲ್ಲೇಖವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸುಮಾರು 1800ರ ಹಿಂದಿನ ಮುದ್ರಣಗಳಲ್ಲಿ ಪದದ ನಡುವಿನ ಎಸ್ ಅಕ್ಷರವನ್ನು ಉದ್ದವಾಗಿ, ನೋಡಲು ಎಫ್‌ನಂತೆ ಅಚ್ಚು ಹಾಕುತ್ತಿದ್ದರು. ಯಂತ್ರ ಅದನ್ನು ಎಫ್ ಎಂದೇ ಓದುತ್ತದೆ. ಹೀಗಾಗಿ ಕಾರ್ಟೀಸಿಯನ್ ಪದವನ್ನು ಹುಡುಕುವವರು ಎಸ್ ಇದ್ದಲ್ಲಿ ಎಫ್ ಹಾಕಿ, ಕಾರ್ಟೀಫಿಯನ್ ಎಂದು ಇನ್ನೊಮ್ಮೆ ಹುಡುಕಬೇಕಾಗುತ್ತದೆ. ಹಾಸ್ಯಾಸ್ಪದವಾಗಿ ತೋರುವ ಈ ಕಾಗುಣಿತದ ಅಡಿಯಲ್ಲಿಯೇ 17 ಮತ್ತು 18ನೇ ಶತಮಾನದ ಉಲ್ಲೇಖಗಳು ಅಡಗಿರುತ್ತವೆ.

ಸಿಕ್ಕ ಉಲ್ಲೇಖಗಳಲ್ಲಿ ಲೇಖಕ ಆ ಪದವನ್ನು ಹೇಗೆ ನಡೆಸಿಕೊಂಡಿದ್ದಾನೆ ಎಂಬುದನ್ನೂ ಬರೆದುಕೊಳ್ಳಿ. ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದರೆ, ಹೆಸರಿಗೂ ಪ್ರತ್ಯಯಕ್ಕೂ ನಡುವೆ ಅಡ್ಡಗೆರೆ ಎಳೆದಿದ್ದರೆ, ‘ಹೀಗೆ ಹೇಳಬಹುದಾದರೆ’ ಎಂದು ಕ್ಷಮೆ ಕೇಳಿದಂತಿದ್ದರೆ ಪದ ಇನ್ನೂ ಹಸಿಯಾಗಿದೆ ಎಂದರ್ಥ. ವಿವರಣೆಯಿಲ್ಲದೆ ಬಳಸತೊಡಗಿದ ಕಾಲ ಪದ ನೆಲೆನಿಂತ ಕಾಲ.

ವ್ಯಕ್ತಿಯ ಆಯುಷ್ಯದ ಪಕ್ಕದಲ್ಲಿ ಈ ವರ್ಷಗಳನ್ನು ಇಟ್ಟು ನೋಡಿದಾಗ ಎಷ್ಟೋ ಸಂಗತಿಗಳು ಬೆಳಕಿಗೆ ಬರುತ್ತವೆ. ಗ್ರೆಗೊರ್ ಮೆಂಡೆಲ್ ಬಟಾಣಿ ಗಿಡಗಳ ಮೇಲಿನ ತನ್ನ ಪ್ರಬಂಧವನ್ನು ಪ್ರಕಟಿಸಿದ್ದು 1866ರಲ್ಲಿ, ತೀರಿಕೊಂಡದ್ದು 1884ರಲ್ಲಿ. ಮೆಂಡೀಲಿಯನ್ ಎಂಬ ಗುಣವಾಚಕ ಹಬ್ಬಿದ್ದು 1900ರಲ್ಲಿ ಅವನ ಕೆಲಸ ಮತ್ತೆ ಬೆಳಕಿಗೆ ಬಂದು, ಇಂಗ್ಲೆಂಡಿನಲ್ಲಿ ವಿಲಿಯಂ ಬೇಟ್‌ಸನ್ ಅದರ ಪರ ವಾದಕ್ಕೆ ನಿಂತ ಮೇಲೆ. ಇಂಗ್ಲಿಷ್ ಗಣಿತಜ್ಞ ಥಾಮಸ್ ಬೇಯ್ಸ್ 1761ರಲ್ಲಿ ತೀರಿಕೊಂಡ, ಅವನ ಪ್ರಬಂಧ 1763ರಲ್ಲಿ ಅಚ್ಚಾಯಿತು. ಆದರೆ ಅವನ ಹೆಸರಿನ ವಿಧಾನವನ್ನು ಬಹುಕಾಲ ವಿಲೋಮ ಸಂಭವನೀಯತೆ ಎಂದೇ ಕರೆಯುತ್ತಿದ್ದರು, ಬೇಯ್ಸಿಯನ್ ಎಂಬ ಪದ ಸಂಖ್ಯಾಶಾಸ್ತ್ರದಲ್ಲಿ ರೂಢಿಯಾದದ್ದು 1950ರ ದಶಕದಲ್ಲಿ. ಎದುರು ಪಕ್ಷವೊಂದು ಗಟ್ಟಿಯಾಗಿ ನಿಂತಾಗಲೇ ಒಂದು ಪಕ್ಷಕ್ಕೆ ಹೆಸರು ಬೇಕಾಗುವುದು ಎಂಬುದು ನನ್ನ ಅಭಿಪ್ರಾಯ. ಕನಿಷ್ಠ ಈ ಎರಡು ಪದಗಳ ಮಟ್ಟಿಗೆ ವರ್ಷಗಳು ಅದನ್ನು ಸಮರ್ಥಿಸುತ್ತವೆ.

ಅರ್ಥವನ್ನು ಬಳಕೆಯಿಂದ ತೆಗೆಯಿರಿ

ಗುಣವಾಚಕದ ಅರ್ಥವನ್ನು ಆ ವ್ಯಕ್ತಿಯ ಜೀವನಚರಿತ್ರೆಯಿಂದ ಊಹಿಸುವುದು ತಪ್ಪು. ಆರ್ವೆಲ್ ಯಾವ ನಿರಂಕುಶ ಪ್ರಭುತ್ವವನ್ನು ವಿರೋಧಿಸಿದನೋ ಅದಕ್ಕೇ ಇಂದು ಆರ್ವೆಲಿಯನ್ ಎಂಬ ವಿಶೇಷಣ ಸಲ್ಲುತ್ತದೆ. ಮೇಕಿಯಾವೆಲಿಯನ್ ಪದದ ಚರಿತ್ರೆ ಇನ್ನೂ ಕುತೂಹಲದ್ದು. ನಿಕೊಲೋ ಮೇಕಿಯಾವೆಲಿ 1527ರಲ್ಲಿ ತೀರಿಕೊಂಡ, ರಾಜನೀತಿಯ ಕುರಿತ ಅವನ ಪ್ರಸಿದ್ಧ ಪುಸ್ತಕ 1532ರಲ್ಲಿ ಅಚ್ಚಾಯಿತು. ಅದರ ಇಂಗ್ಲಿಷ್ ಅನುವಾದ ಮೊದಲು ಮುದ್ರಣವಾದದ್ದು 1640ರಲ್ಲಿ, ಎಡ್ವರ್ಡ್ ಡೇಕರ್ಸ್‌ನಿಂದ. ಆದರೆ ಈ ಗುಣವಾಚಕ 16ನೇ ಶತಮಾನದ ಉತ್ತರಾರ್ಧದಲ್ಲಿಯೇ ಇಂಗ್ಲಿಷಿನಲ್ಲಿ ಬೈಗುಳದಂತೆ ಓಡಾಡುತ್ತಿತ್ತು. ಅಂದರೆ ಪುಸ್ತಕವನ್ನು ತಮ್ಮ ಭಾಷೆಯ ಅಚ್ಚಿನಲ್ಲಿ ಓದುವ ಅವಕಾಶ ಬರುವುದಕ್ಕೆ ದಶಕಗಳ ಮೊದಲೇ ಇಂಗ್ಲಿಷರು ಅದರ ಕರ್ತೃವಿನ ಹೆಸರನ್ನು ಕುಟಿಲತೆಗೆ ಪರ್ಯಾಯವಾಗಿ ಬಳಸುತ್ತಿದ್ದರು. ಪುಸ್ತಕದಲ್ಲಿ ಏನಿದೆ ಎಂಬುದು ಆ ಪದದ ಅರ್ಥಕ್ಕೆ ಆಧಾರವಾಗಲಾರದು. ಪುಸ್ತಕದ ಬಗೆಗಿನ ವದಂತಿಯೇ ಆಧಾರ.

ಆದ್ದರಿಂದ ಪ್ರತಿಯೊಂದು ಉಲ್ಲೇಖದಲ್ಲಿಯೂ ಗುಣವಾಚಕದ ಮುಂದೆ ಯಾವ ನಾಮಪದ ಬಂದಿದೆ ಎಂದು ಗುರುತು ಹಾಕಿಕೊಳ್ಳಬೇಕು. ಡಿಕೆನ್ಸಿಯನ್ ಎಂಬುದರ ಮುಂದೆ ಕೊಳೆಗೇರಿ, ಕಾರ್ಖಾನೆ ಬಂದರೆ ಒಂದು ಅರ್ಥ; ಕ್ರಿಸ್‌ಮಸ್ ಬಂದರೆ ಇನ್ನೊಂದು. ಷೇವಿಯನ್ ಎಂಬುದರ ಮುಂದೆ ಚತುರೋಕ್ತಿ, ವಿರೋಧಾಭಾಸ, ಮುನ್ನುಡಿ ಮೊದಲಾದ ಪದಗಳು ಬರುವುದು ಹೆಚ್ಚು. ದೊಡ್ಡಕ್ಷರದ ಸಂಗತಿಯನ್ನೂ ಗಮನಿಸಿ: ಗ್ಯಾಲ್ವಾನಿಕ್, ಮೆಸ್ಮೆರಿಕ್ ಪದಗಳನ್ನು ಇಂಗ್ಲಿಷಿನಲ್ಲಿ ಈಗ ಚಿಕ್ಕಕ್ಷರದಿಂದ ಆರಂಭಿಸುತ್ತಾರೆ, ಓದುಗನಿಗೆ ಗ್ಯಾಲ್ವಾನಿಯೂ ಮೆಸ್ಮರನೂ ನೆನಪಾಗಬೇಕಿಲ್ಲ, ಷೇವಿಯನ್ ಇನ್ನೂ ದೊಡ್ಡಕ್ಷರವನ್ನು ಬಿಟ್ಟುಕೊಟ್ಟಿಲ್ಲ.

ಟಿಪ್ಪಣಿ ಬರೆಯುವಾಗ

ಸಂಗ್ರಹಿಸಿದ್ದನ್ನು ಬರೆಯುವಾಗ ಮಾತು ಕಡಿಮೆಯಿರಲಿ. ಷೇವಿಯನ್ ಪದಕ್ಕೆ ಟಿಪ್ಪಣಿ ಹೀಗಿರಬಹುದು: ‘ಗುಣವಾಚಕ ಮತ್ತು ನಾಮಪದ. ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾನಿಗೆ (1856–1950), ಅವನ ಕೃತಿಗಳಿಗೆ ಅಥವಾ ಶೈಲಿಗೆ ಸಂಬಂಧಿಸಿದ, ಅವನ ಅನುಯಾಯಿ. ಷಾ ಎಂಬ ಉಪನಾಮದ ಲ್ಯಾಟಿನ್ ರೂಪವಾದ ಷೇವಿಯಸ್‌ಗೆ ಇಯನ್ ಪ್ರತ್ಯಯ ಸೇರಿ ಆದದ್ದು. ಹೆಸರಿನ ಕೊನೆಯ ಡಬ್ಲ್ಯೂಗೆ ವಿ ಬಂದಿರುವುದಕ್ಕೆ ಬ್ಯಾರೋವಿಯನ್, ಹ್ಯಾರೋವಿಯನ್ ಹೋಲಿಸಿ. ನೇರವಾಗಿ ಕಟ್ಟಿದ ಷಾಇಯನ್ ಎಂಬ ರೂಪ ನಿಲ್ಲಲಿಲ್ಲ.’ ಇದರ ಕೆಳಗೆ ನೀವೇ ಪುಟ ನೋಡಿ ಖಚಿತಪಡಿಸಿಕೊಂಡ ಉಲ್ಲೇಖಗಳು ವರ್ಷಾನುಕ್ರಮವಾಗಿ ಬರಲಿ; ಮಾರಿಸ್‌ನ ಹಸ್ತಪ್ರತಿಯ ಕಥೆ ಬೇಕೆನಿಸಿದರೆ ಹೇಳಿದವನ ಹೆಸರಿನೊಂದಿಗೆ ಉಲ್ಲೇಖಗಳ ನಂತರ ಬರಲಿ.

ಮೂಲ ಪದದಿಂದ ಕವಲೊಡೆದ ವಿಶೇಷ ಬಳಕೆಗಳಿಗೆ ಪ್ರತ್ಯೇಕ ಟಿಪ್ಪಣಿ ಬೇಕು. ಇಂಗ್ಲಿಷಿಗೆ ಉಚ್ಚಾರಾನುಸಾರಿಯಾದ ಹೊಸ ಲಿಪಿಯೊಂದು ಬೇಕೆಂದು ಷಾ ತನ್ನ ಉಯಿಲಿನಲ್ಲಿ ಹಣ ತೆಗೆದಿರಿಸಿದ್ದ. ಅದಕ್ಕಾಗಿ ನಡೆದ ಸ್ಪರ್ಧೆಯ ಫಲವಾಗಿ ಕಿಂಗ್ಸ್‌ಲಿ ರೀಡ್ ರೂಪಿಸಿದ ಲಿಪಿಗೆ ಷೇವಿಯನ್ ಲಿಪಿ ಎಂದು ಹೆಸರಾಯಿತು, ಅದರಲ್ಲಿ ಷಾನ ನಾಟಕವೊಂದು 1962ರಲ್ಲಿ ಅಚ್ಚಾಯಿತು. 2003ರಲ್ಲಿ ಆ ಲಿಪಿ ಯೂನಿಕೋಡಿಗೂ ಸೇರಿದೆ. ಈ ಬಳಕೆಯಲ್ಲಿ ಷೇವಿಯನ್ ಎಂದರೆ ಷಾನ ಶೈಲಿಯದು ಎಂಬ ಅರ್ಥವಿಲ್ಲ, ಅದೊಂದು ಲಿಪಿಯ ಅಂಕಿತನಾಮ; 1962ರ ನಂತರದ ಪುಸ್ತಕಗಳಲ್ಲಿ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವಾಗ ಇಂಥ ಉಲ್ಲೇಖಗಳನ್ನು ಬೇರ್ಪಡಿಸಿಕೊಂಡು ಎಣಿಸಬೇಕು.